ಭೀಮಶ್ಯಾನ ಚಪಾತಿ ಮಣೆ ಪುಣೆಗೆ ಹೋದದ್ದು

ಶಹಾಬಾದಿನಲ್ಲಿ ಕಲ್ಲಿಗೇನು ಕೊರತೆ? ಗೋಡೆ ಕಲ್ಲು, ಮಾಳಿಗೆ ಕಲ್ಲು, ಅಂಗಳವೂ ಕಲ್ಲು. ಕೊರತೆ ಬಿದ್ದದ್ದು ಗಿರಾಕಿಗೆ. ಎರಡು ಸಾವಿರದ ಏಳನೇ ಇಸವಿಯ ಮಾತು. ಮನೆ ಕಟ್ಟಿಸುವವರೆಲ್ಲ ಹೊಳೆಯುವ ಟೈಲ್ಸಿನ ಹಿಂದೆ ಬಿದ್ದಿದ್ದರು. ವಾಡಿ ರಸ್ತೆಯ ಪಕ್ಕದಲ್ಲಿ ತಗಡಿನ ಶೆಡ್ಡು ಹಾಕಿಕೊಂಡು ನೆಲಕ್ಕೆ ಹಾಸುವ ಪರಸಿ ಕಲ್ಲು ಕೊಯ್ದು ಮಾರುತ್ತಿದ್ದ ಭೀಮಶ್ಯಾನನ್ನು ಕೇಳುವವರೇ ಇರಲಿಲ್ಲ.

ಒಂದು ಮಧ್ಯಾಹ್ನ ಉಣ್ಣುತ್ತಾ ಹೆಂಡತಿ ಯಂಕಮ್ಮನಿಗೆ ಹೇಳಿದ, "ಹಳೀ ಮಷೀನ್ ಕೊಳ್ಳೋ ಮಜೀದ ಭಾಯಿಗೆ ಮಾತು ಕೊಟ್ಟೀನಿ. ಬರೋ ತಿಂಗಳ ಕಡೀ ಶುಕ್ರವಾರ ಕಲ್ಲು ಕೊಯ್ಯೋ ಮಷೀನ್ ಒಯ್ತಾನ."

"ಮಷೀನ್ ಕೊಟ್ಟು ನೀವೇನು ಮಾಡ್ತೀರಿ?"

"ಸಿಮೆಂಟ್ ಫ್ಯಾಕ್ಟರ್‍ಯಾಗ ಚೀಲ ಹೊರತೀನಿ."

"ಐವತ್ತು ವರ್ಷದ ಬೆನ್ನಿನ ಮ್ಯಾಲ ಚೀಲ ಹೊರತಾರಂತ! ಬೆನ್ನು ಮುರಕೊಂಡು ಬಿದ್ರ ನಾ ಯಾರ ಮಾರಿ ನೋಡ್ಲಿ?" ಎಂದು ಯಂಕಮ್ಮ ಬೈದಳು. ಬೈಯುತ್ತಲೇ ಅವಳ ಕಣ್ಣು ತುಂಬಿ ಬಂತು.

ಮರುದಿನವೇ ತನ್ನ ಅಕ್ಕನ ಮಗಳು ಕರುಣಾಳನ್ನು ಕರೆಸಿದಳು. ಕರುಣಾ ಬಸ್ ಸ್ಟ್ಯಾಂಡಿನ ಹತ್ತಿರ ಇಂಟರ್ನೆಟ್ ಸೆಂಟರ್ ನಡೆಸುತ್ತಿದ್ದಳು. ಸಣ್ಣ ಧಂದಾದವರು ಕಂಪ್ಯೂಟರಿನ ಮೂಲಕ ಮಾಲು ಮಾರುವುದು ಹೇಗೆಂದು ಗುಲ್ಬರ್ಗದಲ್ಲಿ ನಾಲ್ಕು ದಿನ ತರಬೇತಿಯನ್ನೂ ಪಡೆದು ಬಂದಿದ್ದಳು.

"ಕಾಕಾ, ಮಷೀನ್ ಮಾರಬ್ಯಾಡ್ರಿ. ಇಂಟರ್ನೆಟ್ಟಿನ್ಯಾಗ ಮಾಲು ಇಡೋಣು," ಎಂದಳು.

ಭೀಮಶ್ಯಾ ನಕ್ಕೇಬಿಟ್ಟ. "ನಮ್ಮ ಪರಸಿ ಲಾರ್‍ಯಾಗ ಹೋಗ್ತದವಾ. ನಿನ್ನ ವಾಯರಿನ್ಯಾಗ ಹ್ಯಾಂಗ ಹೋಗ್ತದ?"

"ವಾಯರಿನ್ಯಾಗ ಹೋಗೋದು ಫೋಟೋ ಅಷ್ಟೇ. ಕಲ್ಲು ಪೋಸ್ಟಿನ್ಯಾಗ ಹೋಗ್ತದ. ದೊಡ್ಡ ಪರಸಿ ಬ್ಯಾಡ. ಕಾಕಿಗೆ ಚಪಾತಿ ಲಟ್ಟಸಲಿಕ್ಕ ಗುಂಡನ ಮಣಿ ಮಾಡಿಕೊಟ್ಟೀರಲ್ಲ, ಅಂಥವು ಮಾಡ್ರಿ. ನಮ್ಮ ಮಹಿಳಾ ಒಕ್ಕೂಟದವರು ತಮ್ಮ ವೆಬ್‌ಸೈಟಿನ್ಯಾಗ ರೊಕ್ಕ ತಗೊಳ್ಳದ ಫುಕಟ ಜಾಗಾ ಕೊಟ್ಟಾರ, ಅದರಾಗ ಹಾಕ್ತೀನಿ."

"ಕಲ್ಲು ಒಯ್ದು ರೊಕ್ಕ ಕೊಡಲಿಲ್ಲಂದ್ರ?"

"ವಿ.ಪಿ.ಪಿ. ಮಾಡಸೋಣು. ಪೋಸ್ಟಿನವ ರೊಕ್ಕ ತಗೊಂಡ ಮ್ಯಾಲೇ ಗಂಟು ಕೊಡ್ತಾನ. ಆ ರೊಕ್ಕ ಮನಿಆರ್ಡರ್ ಆಗಿ ನಿಮ್ಮ ಕೈಗೇ ಬರ್ತದ."

"ಮಾಡಿ ನೋಡ್ರಿ. ಖಾಲಿ ಕುಂತು ಬೀಡಿ ಸೇದೋದಕಿಂತ ಚಲೋ ಅಲ್ಲೇನು?" ಎಂದು ಯಂಕಮ್ಮ ಚುಚ್ಚಿದಳು. ಇನ್ನು ಬೇಡವೆಂದರೆ ಮನೆಯಲ್ಲಿ ಇರುವಂತಿರಲಿಲ್ಲ. ಭೀಮಶ್ಯಾ ಎದ್ದು ಹೋಗಿ ಮಷೀನ್ ಚಾಲೂ ಮಾಡಿದ.

ಹತ್ತು ಮಣೆ ತಯಾರಾದವು. ಕರುಣಾ ಕ್ಯಾಮೆರಾ ತಂದಳು. ಶಹಾಬಾದಿನ ಕಲ್ಲಿನವರಿಗೆ ಒಂದು ರೂಢಿಯುಂಟು. ಗಿರಾಕಿ ಬಂದನೆಂದರೆ ಬಕೀಟು ಎತ್ತಿ ಕಲ್ಲಿನ ಮೇಲೆ ನೀರು ಹಾಕುತ್ತಾರೆ. ಬೂದಿ ಬಣ್ಣದ ಪರಸಿ ಒಂದು ಕ್ಷಣದಲ್ಲಿ ಕಡುನೀಲಿಯಾಗುತ್ತದೆ. ಭೀಮಶ್ಯಾ ಕ್ಯಾಮೆರಾದ ಮುಂದೆಯೂ ಹಾಗೇ ಮಾಡಿದ. ಅವನ ಕೈಗೆ ಅದು ಮೂವತ್ತು ವರ್ಷದ ಅಭ್ಯಾಸ, ಯೋಚನೆ ಮಾಡಿ ಮಾಡಿದ್ದಲ್ಲ.

"ಏನ್ ಚಂದ ಬಂತ್ರಿ ಕಾಕಾ!" ಎಂದು ಕರುಣಾ ಹಿಗ್ಗಿದಳು.

ಫೋಟೋ ಇಂಟರ್ನೆಟ್ಟಿಗೆ ಹಾಕಿದ ಎರಡೇ ವಾರದಲ್ಲಿ ಪುಣೆಯ ಒಬ್ಬ ಹೆಣ್ಣುಮಗಳು ನಾಲ್ಕು ಮಣೆ ಕೇಳಿದಳು. ಗಂಡ ಹೆಂಡತಿ ಹುಲ್ಲು ಸುತ್ತಿ, ಗೋಣಿ ಹೊಲಿದು, ಗಂಟನ್ನು ಪೋಸ್ಟಿಗೆ ಹಾಕಿದರು. ರೊಕ್ಕವೂ ಬಂತು. ಯಂಕಮ್ಮ ಓಣಿಗೆಲ್ಲ ಪೇಡೆ ಹಂಚಿದಳು. ಪೇಡೆಯ ಸಿಹಿ ಇನ್ನೂ ಬಾಯಲ್ಲಿರುವಾಗಲೇ ಕರುಣಾ ಇ-ಮೇಲ್ ಮುದ್ರಿಸಿದ ಒಂದು ಹಾಳೆ ಹಿಡಿದು ಬಂದಳು. ಅವಳ ಮುಖ ಸಪ್ಪಗಿತ್ತು.

"ಪುಣೆದಾಕಿ ಬರದಾಳ್ರಿ ಕಾಕಾ. ಫೋಟೋದಾಗ ನೀಲಿ ಕಲ್ಲು ತೋರಿಸಿ ಬೂದಿ ಬಣ್ಣದ್ದು ಕಳಿಸೀರಿ, ಇದು ಮೋಸ ಅಂದಾಳ."

"ಮೋಸ?" ಎಂದ ಭೀಮಶ್ಯಾ. "ಮೂವತ್ತು ವರ್ಷದಾಗ ಒಬ್ಬ ಗಿರಾಕಿನೂ ನನಗ ಈ ಮಾತು ಅಂದಿಲ್ಲ. ಮಾರಿ ಕಾಣಲಾರದ ಧಂದಾ ನನಗ ಬ್ಯಾಡೇ ಬ್ಯಾಡ. ಮಷೀನ್ ಹೋಗ್ಲಿ ಅತ್ಲಾಗ!"

"ಕಲ್ಲು ಬದಲಿ ಆತೇನ್ರಿ?" ಎಂದು ಕರುಣಾ ಕೇಳಿದಳು.

"ಅದೇ ಕಲ್ಲವಾ! ತೊಯ್ದಾಗ ಹಂಗ ಕಾಣ್ತದ, ಒಣಗಿದಾಗ ಹಿಂಗ. ಊರಿಗೇ ಗೊತ್ತದ."

ಬಾಗಿಲಲ್ಲಿ ನಿಂತಿದ್ದ ಯಂಕಮ್ಮ ಮೆಲ್ಲಗೆ ಹೇಳಿದಳು, "ಊರಿಗೆ ಗೊತ್ತದರಿ. ಪುಣೆದಾಕಿಗೆ ಏನ್ ಗೊತ್ತು? ಇಲ್ಲಿ ಗಿರಾಕಿ ನೀವು ನೀರು ಹಾಕೋದೂ ನೋಡ್ತಾನ, ಚಹಾ ಕುಡಿಯೋದರಾಗ ಕಲ್ಲು ಒಣಗೋದೂ ನೋಡ್ತಾನ. ಆಕಿ ಬಕೀಟು ಎಲ್ಲಿ ನೋಡ್ಯಾಳ?"

ಭೀಮಶ್ಯಾನ ಸಿಟ್ಟು ಇಳಿದು ನಾಚಿಕೆ ಬಂತು. "ಖರೇ ಅದ. ತಪ್ಪು ನಂದೇ," ಎಂದ.

"ನಂದೂ ಅದರಿ. ಫೋಟೋ ಹೊಡದಾಕಿ ನಾನೇ," ಎಂದಳು ಕರುಣಾ. "ಆದ್ರ ಈಗ ಉತ್ತರಾ ಕೊಡದ ಕುಂತ್ರ ಅದು ಖರೇನೇ ಮೋಸ ಆಗ್ತದ. ಇವತ್ತೇ ಬರಿಯೋಣು. ನೀವು ಹೇಳ್ರಿ, ನಾ ಬರಿತೀನಿ."

ಭೀಮಶ್ಯಾ ಒಂದೊಂದೇ ಮಾತು ಹೇಳಿದ. "ಅಕ್ಕಾರ, ಕಲ್ಲಿಗೆ ನೀರು ಹಾಕಿ ಫೋಟೋ ತೆಗದೀವಿ. ನಿಮಗ ಹೇಳಲಿಲ್ಲ, ತಪ್ಪಾತು. ಬ್ಯಾಡಾದ್ರ ಹೊಳ್ಳಿ ಕಳಸ್ರಿ. ರೊಕ್ಕ ಕೊಡ್ತೀವಿ, ಪೋಸ್ಟಿನ ಖರ್ಚೂ ನಮ್ದೇ."

ಅದೇ ದಿನ ಹೊಸ ಫೋಟೋ ತೆಗೆದರು. ಒಣಕಲ್ಲಿನದೊಂದು, ತೊಯ್ದದ್ದೊಂದು. ಯಾವುದು ಯಾವುದೆಂದು ಕೆಳಗೆ ಬರೆದರು. ಅಗಲ, ದಪ್ಪ, ತೂಕ ಹಾಕಿದರು.

"ನಿಂಬಿಹಣ್ಣಿನ ಹುಳಿ ಬಿದ್ರ ಕಲ್ಲಿನ ಮ್ಯಾಲ ಬಿಳೀ ಕಲಿ ಬೀಳ್ತದ ಅಂತನೂ ಬರಿಯವಾ," ಎಂದಳು ಯಂಕಮ್ಮ.

"ನಮ್ಮ ಮಾಲಿನ ಐಬು ನಾವೇ ಹೇಳೋದಾ?" ಎಂದ ಭೀಮಶ್ಯಾ.

"ಹೇಳ್ರಿ. ಇಂಥ ಕಾಗದ ಇನ್ನೊಂದು ಬಂದ್ರ ನನ್ನ ಕೈಲಿ ತಡಕೊಳ್ಳೋದಾಗೋದಿಲ್ಲ."

ಐದು ದಿನ ಭೀಮಶ್ಯಾ ಬೆಳಿಗ್ಗೆದ್ದು ಸೆಂಟರಿಗೆ ಹೋಗುತ್ತಿದ್ದ, ಉತ್ತರವಿಲ್ಲವೆಂದು ಕೇಳಿ ಹೊರಳಿ ಬರುತ್ತಿದ್ದ. ಆರನೆಯ ದಿನ ಉತ್ತರ ಬಂತು. ಎರಡು ಮಣೆ ವಾಪಸು ಕಳಿಸುತ್ತೇನೆ, ಎರಡು ಇಟ್ಟುಕೊಳ್ಳುತ್ತೇನೆ ಎಂದು ಆ ಹೆಣ್ಣುಮಗಳು ಬರೆದಿದ್ದಳು. ತಪ್ಪನ್ನು ತಾನೇ ಒಪ್ಪಿಕೊಂಡ ಅಂಗಡಿಯವನನ್ನು ಇದೇ ಮೊದಲ ಸಲ ಕಂಡೆ, ಹೊಸ ಫೋಟೋ ನೋಡಿ ನನ್ನ ಗೆಳತಿಯರು ಹನ್ನೆರಡು ಮಣೆ ಕೇಳಿದ್ದಾರೆ ಎಂದೂ ಇತ್ತು. ವಾಪಸು ಬಂದ ಎರಡರಲ್ಲಿ ಒಂದು ದಾರಿಯಲ್ಲೇ ಒಡೆದಿತ್ತು. ಭೀಮಶ್ಯಾ ಕೊಟ್ಟ ಮಾತಿನಂತೆ ಪೂರ್ತಿ ರೊಕ್ಕ ಕಳಿಸಿದ. ಯಂಕಮ್ಮ ಮುಂದಿನ ಗಂಟುಗಳಿಗೆ ಸುತ್ತುವ ಹುಲ್ಲನ್ನು ಇಮ್ಮಡಿ ಮಾಡಿದಳು.

ಹೇಳಿದ ಶುಕ್ರವಾರ ಅಬ್ದುಲ್ ಮಜೀದ ಟೆಂಪೋ ತಂದ. ಮೊಣಕೈತನಕ ಕಲ್ಲಿನ ಹುಡಿ ಮೆತ್ತಿಕೊಂಡ ಭೀಮಶ್ಯಾ ಹೊರಗೆ ಬಂದು ಕೈ ಮುಗಿದ.

"ಮಾಫ್ ಮಾಡ್ರಿ ಭಾಯಿ. ಮಷೀನ್ ಕೊಡೋದಿಲ್ಲ. ಪುಣೆದು ಕೆಲಸ ನಡದದ."

ಮಜೀದ ಟೆಂಪೋದ ಬಾಡಿಗೆ ಹೋಯಿತೆಂದು ಸ್ವಲ್ಪ ಗೊಣಗಿದ. ಚಹಾ ಕುಡಿದ, ಎಲ್ಲವನ್ನೂ ಕೇಳಿದ. ಆಮೇಲೆ ಹಗುರಕ್ಕೆ ಕೇಳಿದ, "ನಮ್ಮ ತಂಗಿ ಶಹರಬಾನು ಚಿಂಚೋಳ್ಯಾಗ ಹೊದಿಯೋ ಕೌದಿ ಹೊಲಿತಾಳ. ಆಕಿ ಕೌದಿನೂ ಹಾಕ್ತಾಳೇನು ನಿಮ್ಮ ಹುಡುಗಿ?"

"ಯಾಕ ಹಾಕಂಗಿಲ್ಲ? ಕರಕೊಂಡು ಬರ್‍ರಿ," ಎಂದ ಭೀಮಶ್ಯಾ. "ಆದ್ರ ಒಂದು ಮಾತು ಭಾಯಿ. ಹಳೀ ಅರಿವಿ ಇದ್ರ ಹಳೀ ಅರಿವಿ ಅಂತನೇ ಬರಸ್ರಿ. ಮೋಸಗಾರ ಅನ್ನಿಸಿಕೊಂಡ ದಿನ ನನಗ ಅನ್ನ ಇಳಿದಿಲ್ಲ."

ಇದನ್ನು ಓದುತ್ತಿರುವ ಅಕ್ಕ, ಅಣ್ಣ, ನಿಮ್ಮ ಕೈಯಲ್ಲೂ ಒಂದು ಕಸುಬು ಇದ್ದೀತು. ಸೇಡಂನ ತೊಗರಿಬೇಳೆ ಇರಲಿ, ಚಿತ್ತಾಪುರದ ಹಪ್ಪಳ ಇರಲಿ, ಅದಕ್ಕೆ ದೂರದೂರಿನಲ್ಲೂ ಗಿರಾಕಿ ಇದ್ದಾನೆ. ಹತ್ತಿರದ ಇಂಟರ್ನೆಟ್ ಸೆಂಟರಿಗೆ ಹೋಗಿ, ನಿಮ್ಮ ಸಂಘದಲ್ಲಿ ಕೇಳಿ. ಮಾಲು ಹೇಗಿದೆಯೋ ಹಾಗೆಯೇ ಫೋಟೋ ತೆಗೆಸಿ, ಅಳತೆ ತೂಕ ಬರೆಸಿ, ಐಬಿದ್ದರೆ ಅದನ್ನೂ ಹೇಳಿ. ಬಂದ ಪತ್ರಕ್ಕೆ ಅಂದೇ ಉತ್ತರ ಕೊಡಿ, ಬೈದು ಬರೆದವರಿಗೆ ಮೊದಲು ಕೊಡಿ. ದೊಡ್ಡ ಆರ್ಡರ್ ಕೊಡುತ್ತೇನೆ, ಮೊದಲು ನೀವೇ ರೊಕ್ಕ ಕಳಿಸಿ ಎಂದವರಿಗೆ ಒಂದು ಪೈಸೆಯೂ ಕಳಿಸಬೇಡಿ. ನಿಮ್ಮ ಗಿರಾಕಿ ನಿಮ್ಮ ಮಾಲನ್ನು ಮುಟ್ಟಿ ನೋಡಲಾರ. ನಿಮ್ಮ ಮಾತೊಂದನ್ನೇ ನಂಬಿ ರೊಕ್ಕ ಕೊಡುತ್ತಾನೆ. ಆ ಮಾತನ್ನು ಉಳಿಸಿಕೊಳ್ಳಿ.