ಹೊಳೆದು ಕೆಟ್ಟ ಮನೆ

ನಮ್ಮ ಯಜಮಾನರಿಗೆ ಬಣ್ಣದ ಮೇಲೆ ಇರುವ ನಂಬಿಕೆ ಹೆಂಡತಿಯ ಮಾತಿನ ಮೇಲಿಲ್ಲ. ಕಂಡವರ ಗೋಡೆಗಳಿಗೆಲ್ಲ ಬಣ್ಣ ಬಳಿದು ಬದುಕುವ ಈ ಮಹಾರಾಯರು, ಮನೆ ಕೊಂಡಾಗಿನಿಂದ ನಮ್ಮ ಗೋಡೆಗೆ ಮಾತ್ರ ಬ್ರಷ್ ಮುಟ್ಟಿಸಿರಲಿಲ್ಲ. ದೀಪದ ಬುಡದಲ್ಲೇ ಕತ್ತಲೆ.

ಹೋದ ವರ್ಷ ಏಣಿಯಿಂದ ಬಿದ್ದು ಕೈ ಮುರಿದುಕೊಂಡು, ಅದು ಕೂಡುವವರೆಗೆ ತಿಂಗಳುಗಟ್ಟಲೆ ಮನೆಯಲ್ಲಿ ಕೂತರು. ಗೃಹಸಾಲದ ಕಂತು ಕುತ್ತಿಗೆಗೆ ಬಂತು. ಶಾಲೆಯ ಅಡುಗೆಮನೆಯಲ್ಲಿ ದುಡಿದು ನಾನು ತರುವುದು ಆನೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ. ಮನೆ ಮಾರಿ, ಮತ್ತೆ ಭಾವನವರ ಮನೆಯ ಮೂಲೆಯ ಕೋಣೆ ಸೇರುವುದೊಂದೇ ದಾರಿ ಎಂದುಕೊಂಡಿದ್ದಾಗ ಬ್ಯಾಂಕಿನ ಹುಡುಗಿ ಸರ್ಕಾರದ ಯೋಜನೆಯೊಂದನ್ನು ಹೇಳಿದಳು.

"ಸ್ವಂತ ಮನೇಲಿ ತಾವೇ ವಾಸ ಇರೋರಿಗೆ ಬಡ್ಡೀಲಿ ಒಂದು ಪಾಲನ್ನ ಸರ್ಕಾರ ಕಟ್ಟುತ್ತೆ ಅಕ್ಕಾ. ಕಂತು ಹೆಚ್ಚುಕಮ್ಮಿ ಅರ್ಧಕ್ಕೆ ಇಳಿಯುತ್ತೆ. ಬಾಡಿಗೆಗೆ ಕೊಟ್ಟಿದ್ರೆ, ಖಾಲಿ ಬಿಟ್ಟಿದ್ರೆ ಸಿಗಲ್ಲ. ಅರ್ಜಿ ಬರೆದುಕೊಡಿ, ಶುಕ್ರವಾರ ಮಧ್ಯಾಹ್ನ ಅಧಿಕಾರಿ ಮೇಡಂ ಬಂದು ನೋಡ್ತಾರೆ."

ಯಜಮಾನರ ಕಿವಿಗೆ ಬಿದ್ದದ್ದು ಕೊನೆಯ ಮಾತು ಮಾತ್ರ.

"ಅಧಿಕಾರಿಗೆ ಈ ಗೋಡೆ ತೋರಿಸೋದಾ? ಮಾನ ಹೋಗುತ್ತೆ ಕಣೆ!"

ಶುಕ್ರವಾರ ನಾನು ಕೆಲಸದಿಂದ ಓಡೋಡಿ ಬಂದರೆ ಮನೆ ಮದುಮಗಳ ಹಾಗೆ ಹೊಳೆಯುತ್ತಿತ್ತು. ನೆಲದಲ್ಲಿ ಮುಖ ಕಾಣುತ್ತಿತ್ತು. ಸಾಮಾನು ಮಾತ್ರ ಒಂದೂ ಇರಲಿಲ್ಲ.

"ಎಲ್ಲಾ ಅಕ್ಕಪಕ್ಕದವರ ಮನೇಲಿಟ್ಟಿದೀನಿ. ಈಗಲೇ ತಂದ್ರೆ ಗೋಡೆ ಗೀರುತ್ತೆ. ಆಯಮ್ಮ ನೋಡ್ಕೊಂಡು ಹೋಗ್ಲಿ, ಆಮೇಲೆ ತಂದ್ರಾಯ್ತು" ಎಂದರು, ಎದೆಯುಬ್ಬಿಸಿ.

ನಾನು ಬಾಯಿ ತೆರೆಯುವಷ್ಟರಲ್ಲಿ ಅಧಿಕಾರಿ ಬಾಗಿಲಲ್ಲಿದ್ದರು. ಕೋಣೆಗಳನ್ನು ನೋಡಿದರು, ಅಡುಗೆಮನೆಯ ಗೂಡುಗಳಿಗೆಲ್ಲ ಇಣುಕಿದರು.

"ಚೆನ್ನಾಗಿದೆ. ಬಾಡಿಗೆ ಎಷ್ಟು ಹೇಳ್ತಿದೀರಾ?"

"ಅಯ್ಯೋ ಮೇಡಂ, ನಾವೇ ಇರೋದು ಇಲ್ಲಿ!" ಎಂದೆ ನಾನು.

"ಹೌದಾ? ಮಲಗೋದೆಲ್ಲಿ?"

"ಮಂಚ ಎದುರುಮನೆ ಇಸ್ತ್ರಿಯವರ ಹತ್ರ ಇದೆ" ಎಂದರು ಯಜಮಾನರು.

"ಅಡುಗೆ?"

"ಒಲೆ ಪಕ್ಕದ ಮನೇಲಿ."

"ನಿಮ್ಮ ತಾಯಿನೂ ಇದಾರೆ ಅಂತ ಅರ್ಜೀಲಿ ಬರೆದಿದೀರಿ."

"ಅವರೂ ಅಲ್ಲೇ, ಒಲೆ ಜೊತೆ."

ಅಧಿಕಾರಿ ಪೆನ್ನಿನ ಮುಚ್ಚಳ ತೆಗೆದರು. ನಾನು ನಾಚಿಕೆ ಬಿಟ್ಟು ಬೀದಿಗೆ ಓಡಿ, "ನಮ್ಮ ಸಾಮಾನೆಲ್ಲ ತನ್ನಿ, ಈಗಲೇ ತನ್ನಿ!" ಎಂದು ಕೂಗಿದೆ.

ಇಸ್ತ್ರಿಯವರೂ ಅವರ ಹೆಂಡತಿಯೂ ಮಂಚ ಹೊತ್ತು ಬಂದರು. ಪಕ್ಕದ ಮನೆಯವರು ಒಲೆ ತಂದರು. ಬಕೆಟ್ಟು, ಹಾಸಿಗೆ, ಪಾತ್ರೆಗಳ ಮೆರವಣಿಗೆಯೇ ಬಂತು. ಎಲ್ಲರ ಹಿಂದೆ ದಿಂಬು ಅವುಚಿಕೊಂಡು ಬಂದ ಅತ್ತೆ ನೇರವಾಗಿ ತಮ್ಮ ಮೂಲೆಗೆ ಹೋಗಿ, ಗೋಡೆಗೊರಗಿ ಕೂತೇಬಿಟ್ಟರು.

"ಅಯ್ಯೋ, ಗೋಡೆ! ಇನ್ನೂ ಹಸಿ!" ಎಂದು ಯಜಮಾನರು ಚೀರಿದರು.

"ಗೋಡೆ ಅಂತೀಯಲ್ಲೋ! ಹೆತ್ತ ತಾಯಿ ಬೆನ್ನು ಹಳದಿ ಆಗಿದ್ದು ಕಾಣಲ್ವೇನೋ?"

"ವರ್ಷಗಟ್ಟಲೆ ಬಡ್ಕೊಂಡೆ, ಬಣ್ಣ ಬಳೀರಿ ಅಂತ. ಇವತ್ತೇ ಬೇಕಿತ್ತೇನ್ರೀ?" ಎಂದು ನಾನೂ ಶುರುಮಾಡಿದೆ. "ಮಂಚ ಕಿಟಕಿ ಪಕ್ಕ ಇಡಿ."

"ಅಲ್ಲಿ ಬೆಳಗ್ಗೆ ಬಿಸಿಲು ಮುಖಕ್ಕೇ ಹೊಡೆಯುತ್ತೆ ಅಂತ ಎಷ್ಟು ಸಲ ಹೇಳಿದೀನಿ!"

"ಬಿಸಿಲು ಬಿದ್ರೂ ಏಳೋರಲ್ಲ ನೀವು!"

"ಬೇಗ ತೀರ್ಮಾನ ಮಾಡ್ರಪ್ಪಾ, ನಮ್ಮ ಕೈ ಬಿದ್ದುಹೋಗ್ತಿದೆ" ಎಂದರು ಮಂಚ ಹಿಡಿದಿದ್ದ ಇಸ್ತ್ರಿಯವರು.

ಆಗ ನಗು ಕೇಳಿಸಿತು. ಅಧಿಕಾರಿ ಬಾಯಿಗೆ ಸೆರಗು ಒತ್ತಿಕೊಂಡಿದ್ದರು.

"ಸಾಕು ಸಾಕು! ಖಾಲಿ ಮನೆ ತುಂಬಾ ನೋಡಿದೀನಿ. ಮಂಚ ಎಲ್ಲಿಡಬೇಕು ಅಂತ ಇಷ್ಟು ಜಗಳ ಆಡೋರು ಇಲ್ಲೇ ಇರೋರೇ." ಇಸ್ತ್ರಿಯವರಿಂದಲೂ ಪಕ್ಕದ ಮನೆಯವರಿಂದಲೂ ಸಾಕ್ಷಿ ಸಹಿ ಹಾಕಿಸಿಕೊಂಡು, ಫೋಟೊ ತೆಗೆದುಕೊಂಡು ಹೋದರು.

ಮುಂದಿನ ತಿಂಗಳು ಬ್ಯಾಂಕಿನ ಹುಡುಗಿ ಫೋನು ಮಾಡಿದಳು. ಮಂಜೂರಾಗಿತ್ತು. ಕಂತು ಸುಮಾರು ಅರ್ಧಕ್ಕೆ ಇಳಿದಿತ್ತು. ನನಗಂತೂ ಸ್ವರ್ಗಕ್ಕೆ ಮೂರೇ ಗೇಣು. ಅತ್ತೆಯನ್ನು ಅಪ್ಪಿಕೊಂಡು ಕಣ್ಣೀರಿಟ್ಟು, "ಬಿಡೇ, ಉಸಿರು ಕಟ್ಟುತ್ತೆ" ಎಂದು ಬೈಸಿಕೊಂಡೆ.

ಯಾವಾಗ ಕೈತಪ್ಪಿ ಹೋಗುವುದೋ ಎಂಬ ಭಯಕ್ಕೆ ನಾನು ಈ ಮನೆಯ ಗೋಡೆಗೆ ಇದುವರೆಗೆ ಒಂದು ಮೊಳೆಯನ್ನೂ ಹೊಡೆದಿರಲಿಲ್ಲ. ನಮ್ಮ ಮದುವೆಯ ಫೋಟೊ ಪೆಟ್ಟಿಗೆಯ ತಳದಲ್ಲೇ ಇತ್ತು. ಅವತ್ತು ಸಂಜೆ ಅದನ್ನು ತೆಗೆದು ಒರೆಸಿ, ಸುತ್ತಿಗೆ ಹಿಡಿದು ಹೊಸ ಬಣ್ಣದ ಗೋಡೆಯ ಮುಂದೆ ನಿಂತೆ.

"ಏಯ್, ಬಣ್ಣ!" ಎಂದು ಯಜಮಾನರು ಓಡಿಬಂದರು. ಬಂದವರು ನನ್ನ ಮುಖ ನೋಡಿದರು. ಆಮೇಲೆ ನನ್ನ ಕೈಯಿಂದ ಮೊಳೆ ತೆಗೆದುಕೊಂಡು, ಗೋಡೆಯ ನಟ್ಟನಡುವೆ ತಾವೇ ಹಿಡಿದರು.

"ಹೂಂ, ಹೊಡಿ" ಎಂದರು. "ಗಟ್ಟಿಯಾಗಿ ಹೊಡಿ."