ಬಾರೆಂಗ್‌ಗೆ ಚುಚ್ಚಿದ ಸೂಜಿ

ಮ್ಮಾ-ಮೊರೋಕಾಳ ನಾಯಿ ಕಾಯಿಲೆಯಿಂದ ಸತ್ತಿತು ಎಂದು ನಮ್ಮೂರಿನವರು ಹೇಳುತ್ತಾರೆ. ಸುಳ್ಳಲ್ಲ. ಆದರೆ ಆ ಕಾಯಿಲೆಯನ್ನು ಅದರ ಮೈಯೊಳಕ್ಕೆ ಕರೆತಂದವಳು ನಾನು. ಕರೆತಂದ ಮೇಲೆ ಬಾಯಿಗೆ ಬೀಗ ಹಾಕಿಕೊಂಡು ಕೂತವಳೂ ನಾನೇ. ಹದಿನಾರು ವರ್ಷದಿಂದ ಇಲ್ಲಿನ ಆರೋಗ್ಯ ಕೇಂದ್ರದಲ್ಲಿ ನರ್ಸ್ ಆಗಿದ್ದೇನೆ, ತಿಳಿಯದೆ ಆಯಿತು ಎಂದು ಜಾರಿಕೊಳ್ಳುವ ಹಾಗಿಲ್ಲ.

ಮ್ಮಾ-ಮೊರೋಕಾ ಅಂದರೆ ಮೊರೋಕಾನ ತಾಯಿ; ನಮ್ಮಲ್ಲಿ ಹೆತ್ತವಳನ್ನು ಮಗುವಿನ ಹೆಸರಿನಿಂದಲೇ ಕರೆಯುತ್ತಾರೆ. ನನ್ನ ಬೇಲಿಯಾಚೆಯೇ ಅವಳ ಮನೆ. ದಿನಾ ಬೆಳಿಗ್ಗೆ ಆರೋಗ್ಯ ಕೇಂದ್ರದ ಗೇಟಿನ ಪಕ್ಕ ಒಲೆ ಹೂಡಿ ಮಗ್ವಿನ್ಯಾ ಕರಿಯುತ್ತಾಳೆ, ಮುಷ್ಟಿ ಗಾತ್ರದ ಹಿಟ್ಟಿನ ಉಂಡೆಗಳು. ಒಳಗೆ ನಾನು ರಕ್ತದೊತ್ತಡ ಅಳೆದು, ಎಣ್ಣೆ ಬಿಡಿ ಎಂದು ಬೈದು ಕಳಿಸಿದವರೆಲ್ಲ ನೇರ ಅವಳ ಮುಂದೆ ಹೋಗಿ ನಿಲ್ಲುತ್ತಾರೆ. "ನರ್ಸಮ್ಮ ಬೈದ್ಲಾ? ಹಾಗಾದ್ರೆ ಎರಡು ಜಾಸ್ತಿ ತಗೊಳ್ಳಿ, ಮನಸ್ಸಿಗೆ ಸಮಾಧಾನ ಆಗುತ್ತೆ" ಎಂದು ನನಗೆ ಕೇಳುವ ಹಾಗೆಯೇ ಹೇಳುತ್ತಾಳೆ. ಹದಿನಾರು ವರ್ಷದಲ್ಲಿ ನಾನು ಅವಳ ಹತ್ತಿರ ಒಂದೇ ಒಂದು ಮಗ್ವಿನ್ಯಾ ಕೊಂಡಿರಲಿಲ್ಲ.

ನಾಯಿಯ ಹೆಸರು ಬಾರೆಂಗ್, 'ಏನಂತಾರೆ ಅವರು?' ಎಂದು ಅರ್ಥ. ನಮ್ಮಲ್ಲಿ ನೆರೆಯವರ ಮುಖಕ್ಕೆ ಹೇಳಲಾಗದ್ದನ್ನು ನಾಯಿಗೆ ಹೆಸರಾಗಿ ಇಟ್ಟು ಬೆಳಿಗ್ಗೆ ಸಂಜೆ ಗಟ್ಟಿಯಾಗಿ ಕೂಗುವುದುಂಟು. ಯಾರೂ ಜಗಳಕ್ಕೆ ಬರುವ ಹಾಗಿಲ್ಲ, ಕೂಗಿದ್ದು ನಾಯಿಯನ್ನು ತಾನೇ. ಗಂಡ ಬಿಟ್ಟುಹೋದ ವರ್ಷ ಊರು ಮ್ಮಾ-ಮೊರೋಕಾಳ ಬಗ್ಗೆ ಬಾಯಿಗೆ ಬಂದದ್ದನ್ನು ಆಡಿತ್ತು. ಆ ವರ್ಷ ಬಂದ ಮರಿಗೆ ಅವಳು ಈ ಹೆಸರಿಟ್ಟಳು. ಮುಂದೆ ಏಳು ವರ್ಷ ಊರು ಅವಳ ಪ್ರಶ್ನೆಯನ್ನು ತೆಪ್ಪಗೆ ಕೇಳಿಸಿಕೊಂಡಿತು.

ಕಂದು ಬಣ್ಣದ ಹೆಣ್ಣುನಾಯಿ, ಒಂದು ಕಿವಿ ಹರಿದಿತ್ತು. ಅವಳ ಮೇಕೆಗಳ ಹಿಂದೆ ಹೋದರೆ ಒಂದನ್ನೂ ನರಿಗೆ ಬಿಟ್ಟುಕೊಡದೆ ವಾಪಸು ತರುತ್ತಿತ್ತು. ಮೇಕೆಗಳು ಮೇಯಲು ಹೋಗದ ದಿನ ನನ್ನ ತಪಾಸಣೆ ಕೋಣೆಯ ತಣ್ಣನೆ ಸಿಮೆಂಟಿನ ಮೇಲೆ, ನನ್ನ ಕಾಲ ಹತ್ತಿರ ಮಲಗುತ್ತಿತ್ತು. ನನಗೂ ಅದು ಬೇಕಿತ್ತು. ಇಷ್ಟವಿಲ್ಲದ ನಾಯಿಗೆ ಚುಚ್ಚಿದೆ ಎಂದು ಯಾರೂ ತಿಳಿಯಬಾರದು.

ಅದು ಬೆದೆಗೆ ಬಂದಾಗಲೆಲ್ಲ ಮ್ಮಾ-ಮೊರೋಕಾ ಗುಡಿಸಲೊಳಗೆ ಕಟ್ಟಿಹಾಕುತ್ತಿದ್ದಳು. ಆ ಆಗಸ್ಟಿನಲ್ಲಿ ಮಾತ್ರ ಕಟ್ಟಲಿಲ್ಲ. ಸುತ್ತಲಿನ ಗಂಡುನಾಯಿಗಳೆಲ್ಲ ಬಂದು ಅವಳ ಒಲೆಯ ಸುತ್ತ, ಅಂದರೆ ನನ್ನ ಗೇಟಿನ ಮುಂದೆ, ಬೀಡುಬಿಟ್ಟವು. ಮಂಗಳವಾರ ಮಕ್ಕಳನ್ನು ತೂಗುವ ದಿನ. ಬೆನ್ನಿಗೆ ಕೂಸು ಕಟ್ಟಿಕೊಂಡು ಬಂದ ಇಬ್ಬರು ತಾಯಂದಿರು ನಾಯಿಗಳ ಕಚ್ಚಾಟ ನೋಡಿ ಹೆದರಿ ಹಾಗೇ ಹಿಂದಕ್ಕೆ ಹೋದರು. ನನಗೆ ಪಿತ್ತ ನೆತ್ತಿಗೇರಿತು.

"ಮ್ಮಾ, ಕಟ್ಟಿಹಾಕಿ ಅದನ್ನ. ಎಷ್ಟು ದಿನ ಈ ದಿಬ್ಬಣ ನನ್ನ ಬಾಗಿಲಲ್ಲಿ?"

"ಕಟ್ಟಲ್ಲ ಕಣೇ. ಅದಕ್ಕೂ ವಯಸ್ಸಾಯ್ತು, ನನ್ನ ಕಾಲಿಗೂ ವಯಸ್ಸಾಯ್ತು. ನಾಳೆ ಮೇಕೆ ಹಿಂದೆ ಹೋಗೋರ್ಯಾರು? ಒಂದೇ ಒಂದು ಸಲ ಮರಿ ಹಾಕ್ಲಿ. ಅದರ ಹೊಟ್ಟೇಲಿ ಹುಟ್ಟಿದ್ದೇ ಬೇಕು ನನಗೆ."

"ಬೇರೆ ಮರಿ ಸಿಗಲ್ವಾ?"

"ನಿನಗ್ಯಾಕೆ ಹೊಟ್ಟೆಕಿಚ್ಚು? ನಿನ್ನ ಬಾಗಿಲಿಗೆ ಯಾವ ದಿಬ್ಬಣಾನೂ ಬರಲಿಲ್ಲ ಅಂತಾನಾ?"

ಸಾಲಿನಲ್ಲಿ ಕೂತಿದ್ದ ಹೆಂಗಸರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ನನಗೆ ನಲವತ್ತೆರಡು, ಮದುವೆಯಾಗಿಲ್ಲ. ನಾನೂ ನಕ್ಕ ಹಾಗೆ ಮಾಡಿದೆ.

ಮಾರನೆಯ ದಿನ ಕಪಾಟು ಜೋಡಿಸುವಾಗ ಮೂರು ತಿಂಗಳ ಸೂಜಿಯ ಸೀಸೆ ಕೈಗೆ ಬಂತು. ಮಕ್ಕಳು ಸದ್ಯಕ್ಕೆ ಬೇಡ ಎನ್ನುವ ಹೆಂಗಸರಿಗೆ ಕೊಡುವ ಸೂಜಿ. ಅದನ್ನು ಎಷ್ಟು ಜನಕ್ಕೆ ಚುಚ್ಚಿದ್ದೇನೆಂದರೆ ಕಣ್ಣು ಮುಚ್ಚಿಕೊಂಡೂ ಚುಚ್ಚಬಲ್ಲೆ. ಹೆಂಗಸಿಗೆ ಆಗುವುದು ನಾಯಿಗೆ ಯಾಕಾಗಬಾರದು ಎಂದುಕೊಂಡೆ. ತಾಯಂದಿರಿಗೋಸ್ಕರ ಎಂದೂ ಅಂದುಕೊಂಡೆ. ಆ ನಗುವಿಗೋಸ್ಕರ ಎಂದು ಆಗ ಒಪ್ಪಿಕೊಳ್ಳಲಿಲ್ಲ, ಈಗ ಒಪ್ಪುತ್ತೇನೆ.

ಹೊರಗೆ ಹೋಗಿ ಒಂದು ಮಗ್ವಿನ್ಯಾ ಕೇಳಿದೆ.

"ಏನು ನರ್ಸಮ್ಮ, ಇವತ್ತು ಸೂರ್ಯ ಯಾವ ಕಡೆ ಹುಟ್ಟಿದ?" ಮ್ಮಾ-ಮೊರೋಕಾ ಕಡಾಯಿಯಿಂದ ಎಲ್ಲಕ್ಕಿಂತ ದಪ್ಪನೆಯದನ್ನು ಆರಿಸಿ ಕಾಗದದಲ್ಲಿ ಸುತ್ತಿದಳು. ದುಡ್ಡು ಕೊಡಹೋದರೆ ನನ್ನ ಕೈ ತಳ್ಳಿದಳು. "ನಿನ್ನೆ ಜಾಸ್ತಿ ಅಂದುಬಿಟ್ಟೆ. ತಿನ್ನು, ಬೇಜಾರು ಮಾಡ್ಕೋಬೇಡ."

ಆ ಮಗ್ವಿನ್ಯಾವನ್ನು ನಾನು ಬಾರೆಂಗ್‌ಗೆ ಹಾಕಿದೆ. ಅದು ತಿನ್ನುತ್ತಿರುವಾಗ ತೊಡೆಗೆ ಚುಚ್ಚಿದೆ. ಅದು ಅಲುಗಾಡಲಿಲ್ಲ. ಕಾಗದದ ಎಣ್ಣೆ ನೆಕ್ಕಿ ಮುಗಿಸಿ, ಆಮೇಲೆ ನನ್ನ ಕೈ ನೆಕ್ಕಿತು.

ಒಂದು ವಾರಕ್ಕೆ ಗಂಡುನಾಯಿಗಳು ಚದುರಿದವು. ಅಂಗಡಿಯವನ ಹಳದಿ ನಾಯಿ ಬಾರೆಂಗ್ ಜೊತೆ ಕೂಡಿದ್ದನ್ನು ಮ್ಮಾ-ಮೊರೋಕಾ ಕಣ್ಣಾರೆ ನೋಡಿದ್ದಳು. ಅಂದಿನಿಂದ ದಿನ ಎಣಿಸತೊಡಗಿದಳು.

ಅಕ್ಟೋಬರ್ ಬಂತು, ನಮ್ಮಲ್ಲಿ ಮಳೆಗಾಲ ಶುರುವಾಗಬೇಕಾದ ಹೊತ್ತು. ಮಳೆಯ ಸುಳಿವಿಲ್ಲ, ಕಲಹಾರಿ ಮರುಭೂಮಿಯ ಕಡೆಯಿಂದ ಒಲೆಯ ಉರಿಯ ಹಾಗೆ ಗಾಳಿ. ಬಾರೆಂಗ್ ನೀರು ಕುಡಿಯತೊಡಗಿತು. ಮೇಕೆಗಳ ತೊಟ್ಟಿ, ನನ್ನ ಬಕೆಟ್ಟು, ಕೈ ತೊಳೆಯುವ ಬೋಗುಣಿ, ಎಲ್ಲಿ ನೀರಿದ್ದರೂ ಬಾಯಿ ಹಾಕುತ್ತಿತ್ತು. ಊಟ ಬಿಟ್ಟಿತು. ಹೊಟ್ಟೆ ಮಾತ್ರ ದುಂಡಗಾಯಿತು.

"ಬಸುರಿ ಬಯಕೆ," ಎಂದಳು ಮ್ಮಾ-ಮೊರೋಕಾ. ಅವಳ ಮುಖದಲ್ಲಿ ಅಂಥ ಬೆಳಕನ್ನು ನಾನು ನೋಡಿರಲಿಲ್ಲ. ಮರಿ ಹುಟ್ಟುವ ಮೊದಲೇ ಒಂದನ್ನು ತಮ್ಮನಿಗೆ, ಒಂದನ್ನು ಚರ್ಚಿನ ಗೆಳತಿಗೆ ಹಂಚಿಯೂ ಆಗಿತ್ತು. ಸೂಜಿ ಕೆಲಸ ಮಾಡಿಲ್ಲ, ಸದ್ಯ ಬದುಕಿಕೊಂಡೆ ಎಂದು ನಾನೂ ನಂಬಲು ನೋಡಿದೆ. ಹೆಂಗಸರಲ್ಲೂ ಒಮ್ಮೊಮ್ಮೆ ತಪ್ಪುತ್ತದಲ್ಲ.

ಒಂದು ಸೋಮವಾರ ಅವಳು ಬಾರೆಂಗನ್ನು ನನ್ನ ಕೋಣೆಗೆ ಎತ್ತಿಕೊಂಡೇ ಬಂದಳು. "ಈ ಊರಿನ ಅರ್ಧ ಮಕ್ಕಳು ಬಂದಿದ್ದು ನಿನ್ನ ಕೈಯಿಂದ. ಮುಟ್ಟಿ ಹೇಳು, ಎಷ್ಟಿವೆ?"

ಮುಟ್ಟಿದೆ. ಬಸುರಿನ ಹೊಟ್ಟೆ ನನ್ನ ಬೆರಳಿಗೆ ಗೊತ್ತು. ಇದು ಬಿಗಿದಿತ್ತು, ಸುಡುತ್ತಿತ್ತು, ಒಳಗೆ ಒಂದು ಮಿಸುಕಾಟವೂ ಇರಲಿಲ್ಲ. ಒತ್ತಿದರೆ ನಾಯಿ ನರಳಿತು. ತುಟಿ ಎತ್ತಿ ನೋಡಿದೆ, ಒಸಡು ಬಿಳಿಚಿಕೊಂಡಿತ್ತು. ಮರಿಯಲ್ಲ, ಬೇರೇನೋ ಎಂದು ಆ ಕ್ಷಣವೇ ಗೊತ್ತಾಯಿತು. ಮರಿಯಲ್ಲ ಎಂದರೆ ಹೇಗೆ ಗೊತ್ತು ಎನ್ನುತ್ತಾಳೆ. ಡಾಕ್ಟರಲ್ಲಿಗೆ ಹೋಗೋಣ ಎಂದರೆ ಡಾಕ್ಟರು ಕೇಳುತ್ತಾರೆ. ಸರ್ಕಾರದ ಔಷಧವನ್ನು ಹೇಳದೆ ಕೇಳದೆ ಪಕ್ಕದವರ ನಾಯಿಗೆ ಚುಚ್ಚಿದ ನರ್ಸ್ ಎಂದು ಊರಿಗೆಲ್ಲ ಗೊತ್ತಾಗುತ್ತದೆ. ಇಷ್ಟೆಲ್ಲ ಯೋಚಿಸಲು ನನಗೆ ಒಂದು ಉಸಿರು ಸಾಕಾಯಿತು.

"ಇನ್ನೂ ಬೇಗ ಆಯ್ತು ಮ್ಮಾ. ಈಗ್ಲೇ ಎಣಿಸೋಕಾಗಲ್ಲ," ಎಂದೆ.

"ಹಾಗಾದ್ರೆ ಜಾಸ್ತೀನೇ ಇರ್ಬೇಕು," ಎಂದು ಅವಳು ನಗುತ್ತಾ ಎತ್ತಿಕೊಂಡು ಹೋದಳು.

ಮಂಗಳವಾರ ಸುಮ್ಮನಿದ್ದೆ. ಬುಧವಾರ ಸುಮ್ಮನಿದ್ದೆ. ಗುರುವಾರ ಗೇಟಿನ ಬಳಿ ಒಲೆ ಹೊತ್ತಿರಲಿಲ್ಲ. ಬೇಲಿ ದಾಟಿ ಹೋದೆ. ಬಾರೆಂಗ್ ಹಳದಿ ನೀರು ಕಾರಿಕೊಂಡು ಗೋಡೆಯ ನೆರಳಲ್ಲಿ ಬಿದ್ದಿತ್ತು. ನನ್ನನ್ನು ನೋಡಿ ಬಾಲವನ್ನು ನೆಲಕ್ಕೆ ಒಂದು ಸಲ ಬಡಿಯಿತು. ಆಗ ಓಡಿ ಅಂಗಡಿಯವನ ಪಿಕಪ್ ಕರೆಸಿದೆ. ಹಿಂದುಗಡೆ ಮ್ಮಾ-ಮೊರೋಕಾ ನಾಯಿಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು. ಪಶು ಆಸ್ಪತ್ರೆಯಿರುವ ಪಲಾಪ್ಯೆ ಪಟ್ಟಣ ಮುಟ್ಟುವವರೆಗೂ "ಹೆರಿಗೆ ಕಷ್ಟ ಅಷ್ಟೇ, ಅಲ್ವೇನೇ?" ಎಂದು ನನ್ನನ್ನು ಕೇಳುತ್ತಲೇ ಇದ್ದಳು.

ಪಶುವೈದ್ಯ ಡಾಕ್ಟರ್ ಗಬಾಕೆ ಹೊಟ್ಟೆ ಮುಟ್ಟಿ, ಯಂತ್ರ ಇಟ್ಟು ನೋಡಿದ. "ಮರಿ ಇಲ್ಲ ಮ್ಮಾ. ಗರ್ಭಚೀಲದ ತುಂಬ ಕೀವು. ಚೀಲದ ಬಾಯಿ ಮುಚ್ಚಿಕೊಂಡಿದೆ, ಕೀವು ಹೊರಗೆ ಬರೋಕೆ ದಾರಿ ಇಲ್ಲ, ವಿಷ ಮೈಗೆಲ್ಲ ಏರ್ತಿದೆ. ಈಗ್ಲೇ ಕೊಯ್ದು ಚೀಲ ತೆಗೀಬೇಕು."

"ಯಾಕೆ ಬಂತು?"

"ಗರ್ಭಚೀಲ ತೆಗೆಸದ ಹೆಣ್ಣುನಾಯಿಗೆ ಬೆದೆ ಮುಗಿದು ತಿಂಗಳೆರಡು ತಿಂಗಳಲ್ಲಿ ತಾನಾಗೇ ಬರಬಹುದು, ವಯಸ್ಸಾದ್ರಂತೂ ಜಾಸ್ತಿ. ಮರಿ ಬೇಡ ಅಂತ ಸೂಜಿ ಹಾಕ್ಸಿದ್ರೂ ಬರುತ್ತೆ. ಬೆದೇಲಿದ್ದಾಗ ಹಾಕಿದ್ರಂತೂ ಕೇಳೋದೇ ಬೇಡ. ಅಂಥದ್ದೇನಾದ್ರೂ ಹಾಕ್ಸಿದ್ರಾ?"

"ಮರಿ ಬೇಕು ಅಂತ ಕೂತಿದೀನಿ ನಾನು! ಯಾರು ಹಾಕ್ತಾರೆ ಅಂಥದ್ದು?" ಎಂದು ಮ್ಮಾ-ಮೊರೋಕಾ ನನ್ನ ಕಡೆ ತಿರುಗಿದಳು, ಸಾಕ್ಷಿ ಹೇಳಲಿ ಎಂದು.

ನಾನು ನೆಲ ನೋಡಿದೆ.

ಬಾರೆಂಗ್ ಮೇಜಿನ ಮೇಲೆಯೇ ಹೋಯಿತು. ಗಬಾಕೆ ನಲ್ಲಿಯ ಕೆಳಗೆ ಕೈ ತೊಳೆಯುತ್ತಿದ್ದಾಗ ಹಿಂದೆ ನಿಂತು ಎಲ್ಲ ಹೇಳಿದೆ. ಅವನು ತಿರುಗಲಿಲ್ಲ. "ಸೋಮವಾರ ತಂದಿದ್ರೆ ಬದುಕ್ತಿತ್ತು ಸಿಸ್ಟರ್," ಎಂದ. ನಲ್ಲಿ ನಿಲ್ಲಿಸಿ, "ಇದನ್ನ ಹೇಳ್ಬೇಕಾದ್ದು ನನಗಲ್ಲ," ಎಂದ.

ಮೇಕೆ ದೊಡ್ಡಿಯ ಪಕ್ಕ ಹೂಳಿದೆವು. ಗುಂಡಿ ತೋಡಿದವಳು ನಾನು. "ನೀನಿಲ್ದಿದ್ರೆ ನನ್ನ ಗತಿ ಏನಾಗ್ತಿತ್ತೋ," ಎಂದು ಅವಳು ನನ್ನ ಹೆಗಲು ಹಿಡಿದಳು. ಅವಳು ಬೈದಿದ್ದರೆ ನಾನು ಹೇಳಿಬಿಡುತ್ತಿದ್ದೆನೇನೋ. ಹೊಗಳಿದಳು, ನನಗೆ ಬಾಯಿ ಬರಲಿಲ್ಲ. ನಾಳೆ ಹೇಳುತ್ತೇನೆ ಎಂದುಕೊಂಡೇ ಮಳೆಗಾಲ ಪೂರ್ತಿ ಕಳೆಯಿತು. ಆ ನಡುವೆ ನರಿ ಅವಳ ನಾಲ್ಕು ಮೇಕೆಮರಿ ತಿಂದಿತು.

ಮಾರ್ಚ್‌ನಲ್ಲಿ ತಮ್ಮ ಅವಳಿಗೊಂದು ಹೆಣ್ಣುಮರಿ ತಂದುಕೊಟ್ಟ. ಮರುದಿನ ಬೆಳಿಗ್ಗೆ ನಾನು ಹಲ್ಲುಜ್ಜುತ್ತಿದ್ದಾಗ ಬೇಲಿಯಾಚೆಯಿಂದ ಕೂಗು ಬಂತು.

"ಕೆಯಾಯಿತ್ಸೆ! ಕೆಯಾಯಿತ್ಸೆ!"

'ನನಗೆ ಗೊತ್ತು' ಎಂದು ಅದರ ಅರ್ಥ. ಬಾಯಲ್ಲಿದ್ದ ನೀರನ್ನು ನುಂಗಿಬಿಟ್ಟೆ. ಊರಿಗೆ ಹೇಳಿದ್ದಿರಬಹುದು, ಗಂಡನಿಗೆ ಹೇಳಿದ್ದಿರಬಹುದು ಎಂದು ಐದು ದಿನ ನನಗೆ ನಾನೇ ಸುಳ್ಳು ಹೇಳಿಕೊಂಡೆ. ಅವಳು ಕೂಗುತ್ತಿದ್ದದ್ದು ನಮ್ಮಿಬ್ಬರ ನಡುವಿನ ಬೇಲಿಯ ಹತ್ತಿರ ಬಂದು, ಬೇರೆಲ್ಲೂ ಅಲ್ಲ. ಆರನೆಯ ದಿನ ಬೇಲಿ ದಾಟಿ ಹೋಗಿ, ನಿಂತಲ್ಲೇ ನಿಂತು, ಸೀಸೆಯಿಂದ ಹಿಡಿದು ಸೋಮವಾರದವರೆಗೆ ಎಲ್ಲ ಹೇಳಿದೆ. ಮ್ಮಾ-ಮೊರೋಕಾ ಹಿಟ್ಟು ನಾದುವುದನ್ನು ನಿಲ್ಲಿಸಲಿಲ್ಲ.

"ಡಾಕ್ಟ್ರು ಸೂಜಿ ಅಂದಾಗ ನೀನು ನೆಲ ನೋಡಿದೆ. ಹದಿನಾರು ವರ್ಷ ಮುಟ್ಟದೋಳು ಒಂದು ದಿನ ಬಂದು ಮಗ್ವಿನ್ಯಾ ಕೇಳಿದ್ದು ಆಗ ನೆನಪಾಯ್ತು. ನೀನು ತಿಂದಿದ್ರೆ ಒಂದು ಮಾತಾದ್ರೂ ಆಡ್ತಿದ್ದೆ, ಉಪ್ಪು ಜಾಸ್ತಿ ಅಂತಾದ್ರೂ."

"ಮತ್ತೆ ಗುಂಡಿ ಹತ್ತಿರ ನನ್ನ ಯಾಕೆ ಹೊಗಳಿದ್ರಿ?"

"ಹೇಳ್ತೀಯೇನೋ ಅಂತ ದಾರಿ ಮಾಡ್ಕೊಟ್ಟೆ. ಹೇಳಲಿಲ್ಲ. ಚುಚ್ಚಿದ್ದು ಕೋಪಕ್ಕೆ, ಹೋಗ್ಲಿ. ನನ್ನ ನಾಲಿಗೇನೂ ನೆಟ್ಟಗಿರಲಿಲ್ಲ. ಆದ್ರೆ ಎತ್ಕೊಂಡು ಬಂದು ನಿನ್ನ ಕೈಲಿ ಇಟ್ನಲ್ಲೇ. ಕೈಯಿಟ್ಟು ನೋಡಿ ವಾಪಸು ಕಳಿಸಿದೆ."

ನಾನು ಅತ್ತೆ. ಅವಳು ಅಳಲಿಲ್ಲ, ಸಮಾಧಾನವನ್ನೂ ಮಾಡಲಿಲ್ಲ. ಹಿಟ್ಟಿನ ಮೇಲೆ ಬಟ್ಟೆ ಮುಚ್ಚಿ ಎದ್ದಳು.

"ಈ ಹೆಸರನ್ನ ಬದಲಾಯಿಸ್ತೀರಾ ಮ್ಮಾ?" ಎಂದು ಕೇಳಿಬಿಟ್ಟೆ. ನಾಚಿಕೆಯಿಲ್ಲದ ಬಾಯಿ.

"ನಾಯಿಗೆ ಇಟ್ಟ ಹೆಸರು ಬದಲಾಯಿಸಲ್ಲ. ದೊಡ್ಡದಾದ ಮೇಲೆ ಇದರ ಗರ್ಭಚೀಲ ತೆಗೆಸ್ಕೊಂಡು ಬಾ. ನೀನೇ ಹೋಗ್ಬೇಕು, ನಾನು ಬರಲ್ಲ. ನನಗೆ ಇನ್ನು ಮರಿ ಆಸೆ ಇಲ್ಲ."

ಸೆಪ್ಟೆಂಬರಿನಲ್ಲಿ ಅದನ್ನು ಪಲಾಪ್ಯೆಗೆ ಕರೆದುಕೊಂಡು ಹೋದೆ. ಗಬಾಕೆ ದಪ್ಪ ಪುಸ್ತಕ ತೆರೆದು ಪೆನ್ನು ಹಿಡಿದ.

"ನಾಯಿ ಹೆಸರು?"

ಎಷ್ಟೋ ಸಲ ಕೇಳಿಸಿಕೊಂಡಿದ್ದೆ, ನನ್ನ ಬಾಯಿಂದ ಒಮ್ಮೆಯೂ ಕರೆದಿರಲಿಲ್ಲ. "ಕೆಯಾಯಿತ್ಸೆ," ಎಂದೆ. ಗಬಾಕೆ ಅರ್ಧ ಬರೆದು ತಲೆಯೆತ್ತಿ ನನ್ನನ್ನೇ ನೋಡಿದ. ತನ್ನನ್ನು ಕರೆದರೆಂದು ಮೇಜಿನ ಕೆಳಗಿದ್ದ ನಾಯಿ ಎದ್ದು ಬಂದು ನನ್ನ ಕೈ ನೆಕ್ಕತೊಡಗಿತು.