ಹಾಲಿನ ಡೇರಿಯಲ್ಲಿ ಹಾಕಿದ ಸಹಿ

ಊರಿನ ಹೆಸರು ಇಲ್ಲಿ ಬರೆದಿಲ್ಲ. ರಾಯಬಾಗದಿಂದ ಕಾಗವಾಡದ ತನಕ ಯಾವ ಊರಿನ ಹೆಸರು ಹಾಕಿದರೂ ಈ ಕಥೆ ಹೊಂದಿಕೊಳ್ಳುತ್ತದೆ. ನಿಮ್ಮ ಊರಿನ ಹೆಸರನ್ನೇ ಹಾಕಿಕೊಂಡು ಓದಿ.

ಊರಿನಿಂದ ಎರಡು ಕಿಲೋಮೀಟರ್ ದೂರದಲ್ಲಿ, ಕಬ್ಬಿನ ನಡುವೆ, ಧರೆಪ್ಪನ ತೋಟದ ಮನೆ ಇದೆ. ಅದೂ ಸೇರಿ ಅಲ್ಲಿ ಅಂಥವೇ ಹದಿನಾಲ್ಕು ಮನೆಗಳು. ಡಾಂಬರು ರಸ್ತೆಯಿಂದ ಅಲ್ಲಿಗೆ ಹೋಗಲು ಇರುವುದು ಒಂದೇ ದಾರಿ. ಮಳೆಗಾಲದಲ್ಲಿ ಮೊಣಕಾಲುದ್ದ ರಾಡಿ. ಎರಡೂ ಕಡೆಯಿಂದ ಕಬ್ಬು ಮೈಮೇಲೆ ಬಂದಿರುತ್ತದೆ. ಒಂದು ಟ್ರ್ಯಾಕ್ಟರ್ ಹೋದರೆ ಕಬ್ಬಿನ ಗರಿ ಡ್ರೈವರನ ಎರಡೂ ಕಿವಿ ಸವರುತ್ತದೆ.

ಜುಲೈ ತಿಂಗಳು. ಜಿಟಿಜಿಟಿ ಮಳೆ. ಧರೆಪ್ಪನ ಸೊಸೆ ಸ್ನೇಹಲಳಿಗೆ ಏಳು ತಿಂಗಳು ತುಂಬಿತ್ತು. ಮೊದಲ ಹೆರಿಗೆ ತವರೂರು ಕಾಗವಾಡದಲ್ಲಿ ಆಗಿತ್ತು. ಇದು ಎರಡನೆಯದು, ಗಂಡನ ಮನೆಯಲ್ಲೇ ಆಗಬೇಕು. ಒಂದು ಮುಂಜಾನೆ ಅವಳಿಗೆ ಇದ್ದಕ್ಕಿದ್ದಂತೆ ರಕ್ತ ಹೋಗತೊಡಗಿತು. ನೂರಾ ಎಂಟಕ್ಕೆ ಫೋನ್ ಹಚ್ಚಿದರು. ಅಂಬುಲೆನ್ಸ್ ಡಾಂಬರು ರಸ್ತೆಗೆ ಬಂದು ನಿಂತುಬಿಟ್ಟಿತು. ಡ್ರೈವರ್ ಕೆಳಗಿಳಿದು ದಾರಿ ನೋಡಿದ.

"ಯಜಮಾನ್ರ, ಇದರಾಗ ಗಾಡಿ ಇಳಿಸಿದ್ರ ಪೇಶಂಟ್ ಜೊತಿ ನನ್ನೂ ನೀವ ಹೊತ್ಕೊಂಡ ಬರಬೇಕಾಕ್ಕೈತಿ" ಎಂದ.

ಟ್ರ್ಯಾಕ್ಟರ್ ಟ್ರ್ಯಾಲಿಯಲ್ಲಿ ಗಾದಿ ಹಾಸಿ ಸ್ನೇಹಲಳನ್ನು ಮಲಗಿಸಿದರು. ಅತ್ತೆ ಶಿವಗಂಗವ್ವ ಅವಳ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕುಳಿತಳು. ತಗ್ಗಿಗೊಮ್ಮೆ ಟ್ರ್ಯಾಲಿ ಎಗರಿದಾಗ ಸೊಸೆ ಹಲ್ಲು ಕಚ್ಚುತ್ತಿದ್ದಳು. ಎರಡು ಕಿಲೋಮೀಟರಿಗೆ ಮುಕ್ಕಾಲು ತಾಸು ಹಿಡಿಯಿತು; ಅಲ್ಲಿಂದ ಮುಂದೆ ಅಂಬುಲೆನ್ಸಿನಲ್ಲಿ ಆಸ್ಪತ್ರೆಗೆ.

ಪುಣ್ಯಕ್ಕೆ ತಾಯಿ ಉಳಿದಳು, ಹೊಟ್ಟೆಯೊಳಗಿನ ಕೂಸೂ ಉಳಿಯಿತು. ಡಾಕ್ಟರು ಮಾತ್ರ ಕನ್ನಡಕ ತೆಗೆದಿಟ್ಟು ಹೇಳಿದರು: "ಮತ್ತ ಹಿಂಗಾದ್ರ ಒಂದ ತಾಸಿನ್ಯಾಗ ಇಲ್ಲಿ ಇರಬೇಕು. ಟ್ರ್ಯಾಲಿ ಗೀಲಿ ನಡೆಯಾಂಗಿಲ್ಲ. ಇನ್ನೊಮ್ಮೆ ಇಷ್ಟ ಕುಲುಕಿದ್ರ ನನ್ನ ಕೈಯಾಗ ಏನೂ ಇಲ್ಲ."

ಹೆರಿಗೆಗೆ ಇನ್ನು ಎರಡು ತಿಂಗಳು. ದಾರಿ ಇದ್ದಂತೆಯೇ ಇತ್ತು.

ವಾರದ ನಂತರ ಆಶಾ ಕಾರ್ಯಕರ್ತೆ ಕಾಂಚನ ಸ್ನೇಹಲಳನ್ನು ನೋಡಲು ಬಂದಳು. ಊರಿನ ಬುದ್ಧವಿಹಾರದ ಹತ್ತಿರ ಅವಳ ಮನೆ. ಚಪ್ಪಲಿ ಕೈಯಲ್ಲಿ ಹಿಡಿದು, ಸೀರೆ ಎತ್ತಿ ಕಟ್ಟಿಕೊಂಡು ನಡೆದು ಬಂದಿದ್ದಳು. ಕಾಲು ತೊಳೆದುಕೊಂಡು ಕಟ್ಟೆಯ ಮೇಲೆ ಕುಳಿತಳು.

"ಕಾಕಾ, ಈ ದಾರಿ ಸಲುವಾಗಿ ಏನರ ಮಾಡ್ರಿ" ಎಂದಳು.

"ಏನ ಮಾಡ್ಲಿ ಯವ್ವಾ" ಎಂದ ಧರೆಪ್ಪ. "ಮೆಂಬರಗ ಹೇಳೀನಿ. ಓಟ ಕೇಳಾಕ ಬಂದಾವ್ರಿಗೆಲ್ಲಾ ಹೇಳೀನಿ. ಎಲ್ಲಾರೂ 'ಮಾಡೋಣ್ರಿ' ಅಂದಾರ. ಆ ಮಾಡೋಣ್ರಿ ಹಾಸಿದ್ರ ಇಷ್ಟೊತ್ತಿಗೆ ಬೆಳಗಾವಿ ತನಕಾ ರಸ್ತೆ ಆಗತಿತ್ತು."

"ಗ್ರಾಮಸಭಾದಾಗ ಎದ್ದು ನಿಂತು ಹೇಳೀರೇನ್ರಿ?"

"ಗ್ರಾಮಸಭಾ ಅಂದ್ರ ಚಾ ಕುಡಿಯೋ ಸಭಾ. ನಾ ಒಮ್ಮೆನೂ ಹೋಗಿಲ್ಲ. ಹೋಗಾಂವನೂ ಅಲ್ಲ."

"ಫೆಬ್ರುವರಿ ಸಭಾಕ್ಕ ಬಂದೀರಿ. ಕಾಕುನೂ ಬಂದಾರ. ಪುಸ್ತಕದಾಗ ಇಬ್ಬರ ಸಹಿನೂ ಐತಿ."

ಅಕ್ಕಿ ಆರಿಸುತ್ತಿದ್ದ ಶಿವಗಂಗವ್ವ ಮೊರ ಕೆಳಗಿಟ್ಟಳು. "ನಾ ಯಾವಾಗ ಹೋದ್ನಿ ಬೇ? ನನಗ ಸಹಿ ಮಾಡಾಕ ಬರಾಂಗೇ ಇಲ್ಲಲ್ಲ."

"ನಿಮ್ಮ ಪಾಲಿಂದು ಕಾಕಾನ ಹೊಡದಾರ" ಎಂದಳು ಕಾಂಚನ.

ಶಿವಗಂಗವ್ವ ಗಂಡನ ಮುಖ ನೋಡಿದಳು. ಧರೆಪ್ಪ ಎಮ್ಮೆಯ ಕಡೆ ನೋಡಿದ.

ನಮ್ಮ ಭಾಗದಲ್ಲಿ ಇದು ಹೇಗೆ ನಡೆಯುತ್ತದೆ ಎಂದು ನಿಮಗೂ ಗೊತ್ತು. ಮುಂಜಾನೆ ಎಲ್ಲರೂ ಡೇರಿಗೆ ಹಾಲು ಹಾಕಲು ಬರುತ್ತಾರೆ. ಪಂಚಾಯತಿಯ ನೀರು ಬಿಡುವ ಲಗಮಪ್ಪ ಉದ್ದನೆಯ ಪುಸ್ತಕ ತಂದು ಫ್ಯಾಟ್ ನೋಡುವ ಯಂತ್ರದ ಬದಿಗೆ ಇಡುತ್ತಾನೆ. "ಅಣ್ಣಾ, ಒಂದ ಸಹಿ" ಎನ್ನುತ್ತಾನೆ. ಒಂದು ಕೈಯಲ್ಲಿ ಹಾಲಿನ ಕ್ಯಾನು, ಇನ್ನೊಂದು ಕೈಯಲ್ಲಿ ಪೆನ್ನು. ಯಾತಕ್ಕೆ ಎಂದು ಕೇಳುವವರಿಲ್ಲ. ಪಾಪ, ಲಗಮಪ್ಪ ನಮ್ಮವನೇ ಎಂದು ಸಹಿ ಹೊಡೆಯುತ್ತೇವೆ. ಹೆಂಡತಿಯದೂ ಹೊಡೆಯುತ್ತೇವೆ, ಅಣ್ಣನದೂ ಹೊಡೆಯುತ್ತೇವೆ.

"ಆ ಸಭಾದಾಗ ನಾ ಇದ್ನಿ ಕಾಕಾ" ಎಂದಳು ಕಾಂಚನ. "ಕೂತಾವ್ರು ಹನ್ನೊಂದ ಮಂದಿ. ಪುಸ್ತಕದಾಗ ನೂರಾ ಆರು. ಇಷ್ಟ ಮಂದಿ ಇರಬೇಕು ಅಂತ ಕಾಯ್ದೆ ಐತಿ, ಇಲ್ಲಂದ್ರ ಸಭಾ ನಡಸಾಕ ಬರಾಂಗಿಲ್ಲ. ಅದಕ್ಕ ಪುಸ್ತಕ ಡೇರಿಗೆ ಬರತೈತಿ. ಅವತ್ತ ಏನ ಪಾಸಾತು ಹೇಳ್ರಿ ನೋಡೋಣು."

"ಏನ ಪಾಸಾತು?"

"ಊರ ಬಾಗಲಾಗ ಸ್ವಾಗತ ಕಮಾನು. ನೀವೂ ಒಪ್ಪಿಗಿ ಕೊಟ್ಟೀರಿ. ಸರ್ವಾನುಮತ."

ಧರೆಪ್ಪ ಕಟ್ಟೆಯಿಂದ ಎದ್ದುಬಿಟ್ಟ. "ನನ್ನ ಸೊಸಿ ಟ್ರ್ಯಾಲ್ಯಾಗ ಸಾಯೋ ಹೊತ್ತಿಗೆ ಊರಿಗೆ ಕಮಾನ ಬೇಕು ಅಂತ ನಾ ಬರಕೊಟ್ಟೀನಿ?"

"ಹೌದ್ರಿ. ತೋಟದ ದಾರಿ ಬರಕೋರಿ ಅಂತ ನಾ ಎದ್ದು ಹೇಳಿದ್ನಿ. 'ನಿಮ್ಮ ಮನಿ ಅಲ್ಲೈತೇನು ತಾಯಿ? ತೋಟದಾವ್ರ ಬಂದ ಕೇಳಲಿ' ಅಂದ್ರು. ತಿರುಗಿ ನೋಡ್ತೇನಿ, ತೋಟದಾವ್ರು ಒಬ್ಬರೂ ಇಲ್ಲ."

ಒಳಗಿನಿಂದ ಸ್ನೇಹಲ ಬಾಗಿಲಿಗೆ ಬಂದು ನಿಂತಳು. "ಕಾಂಚನಕ್ಕ, ಮುಂದಿನ ಸಭಾ ಯಾವಾಗ?"

"ಇದ ಗುರುವಾರ, ಹನ್ನೊಂದ ಗಂಟೆಗೆ."

"ಅರ್ಜಿ ನಾ ಬರೀತೇನಿ. ಮಾವಾರ, ನೀವು ಹದಿನಾಲ್ಕೂ ಮನಿ ತಿರಗಿ ಸಹಿ ತರ್ರಿ. ಈ ಸಲ ಓದಿ ಹೇಳಿ ತರ್ರಿ."

ಧರೆಪ್ಪ ಸಂಜೆಯೇ ಮನೆಮನೆ ತಿರುಗಿದ. ಮರುದಿನ ಮುಂಜಾನೆ ಡೇರಿಗೆ ಲಗಮಪ್ಪ ಪುಸ್ತಕ ತಂದಾಗ ಒಂದು ತಮಾಷೆಯೇ ನಡೆಯಿತು.

"ಧರೆಪ್ಪಣ್ಣ, ಒಂದ ಸಹಿ."

"ಇಲ್ಲಿ ಮಾಡಾಂಗಿಲ್ಲೋ. ಗುರುವಾರ ಸಭಾಕ್ಕ ಬರ್ತೇನಿ, ಅಲ್ಲೇ ಮಾಡ್ತೇನಿ."

"ಅಯ್ಯ, ಅಷ್ಟ ದೂರ ಯಾಕ ತ್ರಾಸ ತಗೋತಿ?"

"ಅಷ್ಟ ದೂರ ನನ್ನ ಹೆಸರು ಹೋಗತೈತಿ ಅಂದ್ರ, ನಾನೂ ಜೊತಿಗೆ ಹೋಗೋದ ಚಲೋ ಅಲ್ಲೇನು?"

ಸಾಲಿನಲ್ಲಿ ಇದ್ದವರು ನಕ್ಕರು. ಹಿಂದಿನವನೂ ಪೆನ್ನು ಮುಟ್ಟಲಿಲ್ಲ. ಅವನ ಹಿಂದಿನವಳೂ ಮುಟ್ಟಲಿಲ್ಲ. ಲಗಮಪ್ಪ ಪುಸ್ತಕ ಬಗಲಲ್ಲಿ ಇಟ್ಟುಕೊಂಡು, "ಸಾಹೇಬ್ರು ನನಗ ಬೈತಾರ ಬಿಡ್ರಿ" ಎಂದು ಹೊರಟ. ಹೊರಡುವಾಗ ತಿರುಗಿ ಮೆಲ್ಲಗೆ, "ಬರೋಬರ್ ಬರ್ರಿ ಮತ್ತ, ಕೈಕೊಡಬ್ಯಾಡ್ರಿ" ಎಂದ.

ಗುರುವಾರ ಬಂತು. ಪಂಚಾಯತಿಯವರು ಇಪ್ಪತ್ತು ಕುರ್ಚಿ ಹಾಕಿಸಿದ್ದರು. ಬಂದವರು ನೂರಾ ಮೂವತ್ತು ಮಂದಿ. ಹೆಂಗಸರು ನೆಲದ ಮೇಲೆ ಕುಳಿತರು, ಗಂಡಸರು ಗೋಡೆಗೆ ಆತು ನಿಂತರು. ಪಿಡಿಓ ಎರಡು ಸಲ ನೀರು ಕುಡಿದರು. ಇಷ್ಟು ಜನರನ್ನು ಅವರು ಗ್ರಾಮಸಭೆಯಲ್ಲಿ ನೋಡಿರಲೇ ಇಲ್ಲ.

ಧರೆಪ್ಪ ಅರ್ಜಿ ಹಿಡಿದು ಎದ್ದು ನಿಂತ. ಒಂದು ಸಾಲೂ ಬಿಡದೆ ಪೂರ್ತಿ ಓದಿದ. ಪಿಡಿಓ ಊರಿನ ನಕಾಶೆ ತರಿಸಿ ಮೇಜಿನ ಮೇಲೆ ಹಾಸಿದರು. ಬೆರಳಿಟ್ಟು ನೋಡಿದರು. ಆಮೇಲೆ ತಲೆಯೆತ್ತಿ ಕೇಳಿದರು.

"ಧರೆಪ್ಪ ಅವ್ರ, ನಕಾಶೆದಾಗ ಇದು ಬಂಡಿ ದಾರಿ. ಎರಡು ಬಂಡಿ ಎದರಾಬದರಾ ಹಾಯೋವಷ್ಟ ಅಗಲ ಐತಿ. ಈಗ ಅಲ್ಲಿ ಒಂದ ಅಂಬುಲೆನ್ಸ್ ಹಾಯಾಂಗಿಲ್ಲ ಅಂತೀರಿ. ಉಳಿದ ದಾರಿ ಎಲ್ಲಿ ಹೋತು?"

"ಕಬ್ಬಿನ ಜೊತಿ ಕಾರಖಾನಿಗೆ ಹೋತ್ರಿ" ಎಂದು ಗೋಡೆಯ ಕಡೆಯಿಂದ ಯಾರೋ ಕೂಗಿದರು. ಇಡೀ ಸಭೆ ನಕ್ಕಿತು.

ಧರೆಪ್ಪ ನಗಲಿಲ್ಲ. ಮಾತು ನಿಜವಾಗಿತ್ತು. ಪ್ರತಿ ಸಲ ಸಾಲು ಬಿಡುವಾಗ ಒಂದು ಗೇಣು ದಾರಿಯನ್ನು ಒಳಗೆ ಸೇರಿಸಿಕೊಳ್ಳುವುದು ಅವನ ಅಪ್ಪನ ಕಾಲದಿಂದ ನಡೆದಿತ್ತು. ಈ ಕಡೆ ಅವನು, ಆ ಕಡೆ ಸಿದ್ದಲಿಂಗ. ಒಬ್ಬ ಒತ್ತಿದರೆ ಇನ್ನೊಬ್ಬ ಒತ್ತಿದ. ಹದಿನಾಲ್ಕು ಮನೆಯವರು ದಾರಿಯನ್ನು ಸಾಲು ಸಾಲಾಗಿ ತಿಂದು, ದಾರಿ ಇಲ್ಲವೆಂದು ಸರಕಾರವನ್ನು ಬೈಯುತ್ತಿದ್ದರು.

"ಮೊದಲು ನಿಮ್ಮ ನಿಮ್ಮಾಗ ಬಗೀಹರಿಸ್ಕೋರಿ, ಆಮ್ಯಾಲ ಬರ್ರಿ" ಎಂದು ಅಧ್ಯಕ್ಷರು ಮುಂದಿನ ಹಾಳೆ ತಿರುವಿದರು.

ಆ ಹಾಳೆ ತಿರುವಿದರೆ ಮುಗಿಯಿತು. ಮುಂದಿನ ಸಭೆ ಆರು ತಿಂಗಳಿಗೆ. ಸ್ನೇಹಲಳಿಗೆ ಇದ್ದದ್ದು ಏಳು ವಾರ.

"ನಿಂದರ್ರಿ" ಎಂದ ಧರೆಪ್ಪ. ಧ್ವನಿ ಜೋರಾಗಿಯೇ ಬಂತು. "ನಂದು ಐದು ಸಾಲು ದಾರ್ಯಾಗ ಅದಾವು. ಎಂಟ ತಿಂಗಳ ಕಬ್ಬು. ನಾಳೆ ಕಡೀತೇನಿ. ನೀವು ಇವತ್ತ ಬರೀರಿ."

ಎಲ್ಲರ ಕಣ್ಣು ಸಿದ್ದಲಿಂಗನ ಕಡೆ ಹೊರಳಿತು. ಅವನು ಮೀಸೆ ತೀಡಿದ. "ಅಂವನ ಸೊಸಿ ಬಸರಿ ಅದಾಳ, ಅಂವ ಕಡೀಲಿ. ನಾ ಯಾಕ ಕಡೀಬೇಕ್ರಿ?"

ಶಿವಗಂಗವ್ವ ಕುಳಿತಲ್ಲಿಂದಲೇ ಮಾತಾಡಿದಳು. "ತಮ್ಮಾ ಸಿದ್ದಲಿಂಗ, ಹ್ವಾದ ವರ್ಷ ನಿನಗ ಎದಿ ಹಿಡೀತು. ಅದ ದಾರಿ, ಅದ ಟ್ರ್ಯಾಲಿ. 'ಅಕ್ಕಾ, ಸಾವಕಾಶ ಹೊಡೀ ಅನ್ನ' ಅಂತ ಅಳಾಕತ್ತಿದ್ದಿ. ಅವತ್ತ ಒಂದ ಸಾಲ ಕಡೀಬೇಕು ಅನಿಸಲಿಲ್ಲೇನು?"

ಸಿದ್ದಲಿಂಗನ ಹೆಂಡತಿಯೂ ಹಿಂದೆ ಕುಳಿತಿದ್ದಳು. "ಅನಿಸಿತ್ತು ಬಿಡವ್ವಾ, ಎದಿ ನೆಟ್ಟಗಾದ ಕೂಡ್ಲೇ ಮರತಾರ" ಎಂದಳು. ಹೆಂಗಸರ ಸಾಲು ಪೂರ್ತಿ ನಕ್ಕಿತು.

ಸಿದ್ದಲಿಂಗ ಮೀಸೆಯಿಂದ ಕೈ ತೆಗೆದ. ಆಮೇಲೆ ಪಿಡಿಓಗೆ ಕೈ ಮಾಡಿದ. "ನಂದು ನಾಕು ಸಾಲು. ಬರಕೋರಿ."

ಅಲ್ಲಿಂದ ಸಭೆಯ ಬಣ್ಣವೇ ಬದಲಾಯಿತು. ನಂದು ಎರಡು, ನಂದು ಮೂರು ಎಂದು ತೋಟದವರು ಒಬ್ಬೊಬ್ಬರಾಗಿ ಎದ್ದರು. ಉದ್ಯೋಗ ಖಾತ್ರಿಯಲ್ಲಿ ದಾರಿ ಎತ್ತರಿಸಿ ಮೇಲೆ ಗರಸು ಮಣ್ಣು ಹಾಕಿಸುವುದು ಎಂದು ಠರಾವಾಯಿತು.

ಜನ ಏಳತೊಡಗಿದಾಗ ಕಾಂಚನ ಕೈ ಅಡ್ಡ ಹಿಡಿದಳು. "ಯಾರೂ ಏಳಬ್ಯಾಡ್ರಿ. ಬರದದ್ದ ಓದಲಿ, ಆಮ್ಯಾಲ ಸಹಿ."

ಪಿಡಿಓ ಓದಿದರು. ಎಲ್ಲರೂ ಕೇಳಿದರು. ಆಮೇಲೆ ಸಾಲು ಹಚ್ಚಿ ಸಹಿ ಮಾಡಿದರು. ಶಿವಗಂಗವ್ವ ಹೆಬ್ಬೆಟ್ಟು ಒತ್ತಿದಳು. ಗಂಡ ಪೆನ್ನು ಹಿಡಿದು ಮುಂದೆ ಬಂದರೆ, "ನಂದು ನಾ ಒತ್ತತೇನಿ, ದೂರ ಸರೀರಿ" ಎಂದಳು.

ಮರುದಿನ ಹೊತ್ತು ಹುಟ್ಟುತ್ತಲೇ ಕುಡುಗೋಲು ಬಿದ್ದವು. ಎಳೆ ಕಬ್ಬು, ಕಾರ್ಖಾನೆಗೆ ಹೋಗುವಂತಿಲ್ಲ. ಆದರೆ ಕಡಿದಂತೆ ಕಡಿದಂತೆ ಬೆಳಕು ಬಿತ್ತು, ದಾರಿ ಕಂಡಿತು. ಹದಿನಾಲ್ಕು ಮನೆಯ ದನಗಳಿಗೆ ಎರಡು ವಾರ ಮೇವಿನ ಸುಗ್ಗಿ.

ಗರಸು ಮಾತ್ರ ತಾನಾಗಿ ಬರಲಿಲ್ಲ. ಎಂಜಿನಿಯರು ರಜೆ ಎಂದರು, ಮಳೆ ಎಂದರು. ಶಿವಗಂಗವ್ವ ಮತ್ತು ಕಾಂಚನ ಠರಾವಿನ ನಕಲು ಹಿಡಿದುಕೊಂಡು ಪಂಚಾಯತಿಗೆ ಒಂದು ಸಲ ಹೋದರು, ಎರಡು ಸಲ ಹೋದರು. ಮೂರನೆಯ ಸಲ ಇಪ್ಪತ್ತು ಹೆಂಗಸರು ಹೋಗಿ ಬಾಗಿಲಲ್ಲಿ ಕುಳಿತರು. ಅದಾದ ನಾಲ್ಕನೆಯ ದಿನ ಕೆಲಸ ಶುರುವಾಯಿತು. ಮಣ್ಣು ಹೊರಲು ತೋಟದವರೂ ಬಂದರು, ಊರಿನವರೂ ಬಂದರು.

ಸೆಪ್ಟೆಂಬರ್ ಕೊನೆಯಲ್ಲಿ ಒಂದು ಮಧ್ಯಾಹ್ನ ಸ್ನೇಹಲಳಿಗೆ ಮತ್ತೆ ರಕ್ತ ಕಂಡಿತು. ಫೋನ್ ಹಚ್ಚಿದ ಅರ್ಧ ತಾಸಿಗೆ ಅಂಬುಲೆನ್ಸ್ ಅಂಗಳಕ್ಕೇ ಬಂತು. ಕಬ್ಬಿನ ಗರಿಯೊಂದೂ ತಾಗಲಿಲ್ಲ. ತಾಸು ತುಂಬುವ ಮೊದಲೇ ಅವಳು ಆಸ್ಪತ್ರೆಯ ಮೇಜಿನ ಮೇಲಿದ್ದಳು. ಸಂಜೆ ಡಾಕ್ಟರು ಹೊರಗೆ ಬಂದು, "ಹೆಣ್ಣು ಕೂಸು. ಇಬ್ಬರೂ ಅರಾಮ ಅದಾರ. ಹದಿನೈದ ನಿಮಿಷ ತಡಾ ಆಗಿದ್ರ ಈ ಮಾತ ಹೇಳಾಕ ಆಗತಿದ್ದಿಲ್ಲ" ಎಂದರು. ಧರೆಪ್ಪ ಅಲ್ಲೇ ಬೆಂಚಿನ ಮೇಲೆ ಕುಳಿತು ಹುಡುಗರ ಹಾಗೆ ಅತ್ತ.

ಓದುತ್ತಿರುವ ಅಣ್ಣಂದಿರೇ, ಅಕ್ಕಂದಿರೇ, ಹದಿನೈದು ನಿಮಿಷ. ನಿಮ್ಮ ತೋಟದ ದಾರಿಯಲ್ಲಿ ಅಷ್ಟು ಹೊತ್ತು ಯಾರ ಜೀವ ಸಿಕ್ಕಿಕೊಂಡಿದೆ? ಸಿಟ್ಟು ಬರುತ್ತಿದೆಯೇ? ಬರಲಿ. ಆದರೆ ಆ ಸಿಟ್ಟನ್ನು ಚಹಾದ ಅಂಗಡಿಯಲ್ಲಿ ಉಗುಳಿ ಬರಬೇಡಿ. ಗ್ರಾಮಸಭೆಗೆ ಹೊತ್ತುಕೊಂಡು ಹೋಗಿ. ಅದು ಮೆಂಬರರ ಸಭೆಯಲ್ಲ, ಅಧ್ಯಕ್ಷರ ಸಭೆಯಲ್ಲ. ಓಟಿನ ಪಟ್ಟಿಯಲ್ಲಿ ಹೆಸರಿರುವ ಪ್ರತಿಯೊಬ್ಬರ ಸಭೆ. ರೊಟ್ಟಿ ಬಡಿಯುವವಳದೂ ಹೌದು, ಕಬ್ಬು ಕಡಿಯುವವನದೂ ಹೌದು. ಕೇಳಲು ಇಂಗ್ಲಿಷ್ ಬೇಡ, ಡಿಗ್ರಿ ಬೇಡ. ಎದ್ದು ನಿಲ್ಲಲು ಕಾಲು, ಹೇಳಲು ಬಾಯಿ ಇದ್ದರೆ ಸಾಕು.

ನಾಳೆಯೇ ಪಂಚಾಯತಿಗೆ ಹೋಗಿ ಮುಂದಿನ ಗ್ರಾಮಸಭೆ ಯಾವತ್ತು ಎಂದು ಕೇಳಿ. ಮನೆಯ ಹೆಂಗಸರನ್ನೂ ಕರೆದುಕೊಂಡು ಹೋಗಿ. ನೀವು ಒತ್ತಿದ ಜಾಗ ಇದ್ದರೆ ಮೊದಲು ಬಿಟ್ಟುಕೊಡಿ, ಆಮೇಲೆ ನಿಮ್ಮ ಮಾತನ್ನು ಯಾರೂ ತಡೆಯಲಾರರು. ಬರೆದದ್ದನ್ನು ಓದಿಸಿ, ಕೇಳಿ, ನಂತರ ಸಹಿ ಮಾಡಿ. ನಕಲು ಕೇಳಿ ಪಡೆಯಿರಿ. ಕೆಲಸ ಮುಗಿಯುವ ತನಕ ಬೆನ್ನು ಬಿಡಬೇಡಿ.

ಅವರು ಇಪ್ಪತ್ತು ಕುರ್ಚಿ ಹಾಕಿಸಿರುತ್ತಾರೆ. ನೀವು ಇನ್ನೂರು ಮಂದಿ ಹೋಗಿ.